ಸಿಂಗಪುರದಲ್ಲೊಂದು ಬೇವಿನಗಿಡ

ಹಾವೇರಿಯಲ್ಲಿ ನಾನು ಬೆಳಗಿನ ರೈಲು ಹತ್ತಿದಾಗ ಜೊತೆಗಿದ್ದದ್ದು ಒಂದು ಚೀಲ, ಬೆಸುಗೆ ಹಾಕುವ ಕಡ್ಡಿ, ಮತ್ತು ಹೆಂಡತಿಯ ಸಿಟ್ಟು. ಮಕ್ಕಳಾಡುವ ಕಾರು ಓಡಿಸಲು ನಡುವಯಸ್ಸಿನ ಇಬ್ಬರು ಗಂಡಸರು ಸಿಂಗಪುರದ ತನಕ ಹೋಗುವುದುಂಟೇ ಎಂದು ಅವಳು ಕೇಳಿದ್ದಳು. ಉತ್ತರ ನನಗೆ ಗೊತ್ತಿತ್ತು. ಆದರೆ ಯಾರಿಗೂ ಹೇಳಬಾರದೆಂದು ಗೆಳೆಯ ಖಾಜಾ ನನ್ನಿಂದ ಆಣೆ ಹಾಕಿಸಿಕೊಂಡಿದ್ದ.

ಬ್ಯಾಡಗಿಯಲ್ಲಿ ಖಾಜಾ ಹತ್ತಿದ. ಅವನದು ಮೆಣಸಿನಕಾಯಿ ವ್ಯಾಪಾರದ ಮನೆತನ. ಅವನ ಭಾವ ದುಬೈನಿಂದ ತಂದುಕೊಟ್ಟ ರಿಮೋಟ್ ಕಾರು ಕೆಟ್ಟಾಗ ನನ್ನ ರೇಡಿಯೋ ರಿಪೇರಿ ಅಂಗಡಿಗೆ ಬಂದಿದ್ದ, ಸ್ನೇಹ ಅಲ್ಲಿಂದ ಶುರು. ಸುಗ್ಗಿ ಮುಗಿದು ಮೆಣಸಿನಕಾಯಿ ಒಣಗಿಸುವ ಕಣ ಖಾಲಿಯಾದರೆ ಅದೇ ನಮ್ಮ ಮೈದಾನ. ಅಲ್ಲಿನ ತಿರುವುಗಳಿಗೆ ನಾವೇ ಹೆಸರಿಟ್ಟಿದ್ದೆವು: ಬೇವಿನಗಿಡ, ಬಾವಿ, ಚೀಲದ ರಾಶಿ. ಅಂಥ ಕಾರು ನಮ್ಮ ಸುತ್ತಮುತ್ತ ಮತ್ತೊಬ್ಬರ ಬಳಿ ಇರಲಿಲ್ಲ.

ಹಿಂದಿನ ವರ್ಷ ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಅವನಿಗೆ ಹೇಳಿದ್ದರು: ನೋಟ ಅಂಚಿನಿಂದ ಮುಚ್ಚಿಕೊಳ್ಳುತ್ತ ಬರುತ್ತದೆ, ಕೊನೆಗೆ ಏನೂ ಉಳಿಯುವುದಿಲ್ಲ, ಔಷಧವಿಲ್ಲ. ಆಗಲೇ ಅವನಿಗೆ ಕೊಳವೆಯಲ್ಲಿ ನೋಡಿದಂತೆ ಎದುರಿನದಷ್ಟೇ ಕಾಣುತ್ತಿತ್ತು. ಈ ಸಂಗತಿ ತಿಳಿದಿದ್ದದ್ದು ನನಗೊಬ್ಬನಿಗೆ.

“ಕಣ್ಣು ಕಾಣೂವಾಗನ ಒಮ್ಮೆ ನಾಕು ಮಂದಿ ಕೂಡ ಓಡಸಬೇಕು, ದೋಸ್ತ. ಒಬ್ಬಾಂವನ ಓಡಸೂದು ಓಟ ಅಲ್ಲ” ಎಂದಿದ್ದ. ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಸಿಂಗಪುರದ ಸ್ಪರ್ಧೆಯ ಸುದ್ದಿ ಓದಿ ಬರೆದೆವು. ಫೀ ಕಟ್ಟಿದ ಯಾರಾದರೂ ಬರಬಹುದು ಎಂಬ ಉತ್ತರ ಬಂತು.

ರಾಣೆಬೆನ್ನೂರಿನಲ್ಲಿ ಚಹಾ ಕುಡಿದೆವು. ಬೆಂಗಳೂರಿನಿಂದ ಮದ್ರಾಸಿಗೆ ಇನ್ನೊಂದು ರೈಲು, ಅಲ್ಲಿಂದ ವಿಮಾನ. ವಿಮಾನದವರು ಕೊಟ್ಟದ್ದನ್ನು ಖಾಜಾ ಮುಟ್ಟಲಿಲ್ಲ, ಹೆಂಡತಿ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದ. ರೊಟ್ಟಿ ಮುರಿಯುವ ಸದ್ದಿಗೆ ಇಡೀ ಸಾಲು ತಿರುಗಿ ನೋಡಿತು.

ಸಿಂಗಪುರದ ಸೆಕೆ ನಮ್ಮ ಬೇಸಿಗೆಯಂಥದ್ದಲ್ಲ, ಒದ್ದೆ ಬಟ್ಟೆ ಹೊದ್ದ ಹಾಗೆ. ಮೈದಾನದಲ್ಲಿ ಜಪಾನಿನವರು, ತೈವಾನಿನವರು, ಒಬ್ಬೊಬ್ಬರಿಗೂ ಕಂಪನಿಯ ಹೆಸರಿನ ಅಂಗಿ, ಮೆಕ್ಯಾನಿಕ್ಕು, ಪೆಟ್ಟಿಗೆಗಟ್ಟಲೆ ಗಾಲಿ. ನಮ್ಮ ಅಂಗಿಯ ಮೇಲೆ ಇದ್ದದ್ದು ಚಟ್ನಿಯ ಕಲೆ. ಖಾಜಾ ನನ್ನ ಕೈ ಹಿಡಿದು ಇಡೀ ಟ್ರ್ಯಾಕು ಸುತ್ತಿ, “ಇದು ಬೇವಿನಗಿಡ. ಇದು ಬಾವಿ” ಎಂದು ಹೆಸರಿಟ್ಟ.

ಓಡಿಸುವವರು ಎತ್ತರದ ಕಟ್ಟೆಯ ಮೇಲೆ, ನಾನು ಅದರ ಬುಡದಲ್ಲಿ. “ಬೇವಿನಗಿಡ ಬಂತು, ಖಾಜಾ” ಎಂದು ಕೂಗುವುದು ನನ್ನ ಕೆಲಸ. ಇದ್ದದ್ದು ಮೂರು ಸುತ್ತು, ಅವುಗಳಲ್ಲಿ ಒಳ್ಳೆಯ ಓಟವೊಂದೇ ಲೆಕ್ಕಕ್ಕೆ. ಮೊದಲ ಸುತ್ತಿನಲ್ಲಿ ಅವನು ಹಿಂದೆ ಬಂದ ಪ್ರತಿಯೊಂದು ಕಾರಿಗೂ ದಾರಿ ಬಿಟ್ಟು ಕಡೆಯವನಾದ. ಇನ್ನೊಂದು ಕಾರಿನ ಜೊತೆ ಓಡಿಸಿ ಅವನಿಗೆ ಗೊತ್ತೇ ಇರಲಿಲ್ಲ. “ಮದವಿ ಮನ್ಯಾಗ ನಿಂತಂಗ ಬರ್ರಿ ಬರ್ರಿ ಅಂತೀಯಲ್ಲೋ” ಎಂದು ಬೈದೆ.

ಎರಡನೆಯ ಸುತ್ತಿನಲ್ಲಿ ಬಿಡಲಿಲ್ಲ. ಒಮ್ಮೆಯೂ ಉರುಳದೆ, ಬಾವಿಯ ತಿರುವಿನಲ್ಲಿ ಇಬ್ಬರನ್ನು ಹಿಂದೆ ಹಾಕಿ ಮುಗಿಸಿದ. ಹಲಗೆಯ ಮೇಲೆ ಅವನ ಹೆಸರು ಫೈನಲ್ ಓಡುವವರ ಕೊನೆಯ ಗುಂಪಿಗೆ ಏರಿತ್ತು.

ಆದರೆ ಅಲ್ಲೊಂದು ಪದ್ಧತಿ. ಓಡಿಸಿ ಮುಗಿಸಿದವನು ಮುಂದಿನ ಓಟಕ್ಕೆ ತಿರುವಿನಲ್ಲಿ ನಿಂತು, ಉರುಳಿಬಿದ್ದ ಬೇರೆಯವರ ಕಾರನ್ನು ಎತ್ತಿ ನಿಲ್ಲಿಸಬೇಕು. ಬದಲಿ ಜನ ನಡೆಯುವುದಿಲ್ಲ. ಮೊದಲ ಸಲ ಅವನ ಪಾಲಿನ ತಿರುವಿನಲ್ಲಿ ಯಾರೂ ಉರುಳಿರಲಿಲ್ಲ. ಈ ಸಲ ಜಪಾನಿನ ಹುಡುಗನೊಬ್ಬನ ಕಾರು ಅವನ ಎಡಗಾಲಿನ ಪಕ್ಕದಲ್ಲೇ ಮಗುಚಿತು. ಖಾಜಾ ನೇರ ಮುಂದಕ್ಕೆ ನೋಡುತ್ತ ನಿಂತಿದ್ದ. “ಎಡಕ್ಕ, ಖಾಜಾ, ಎಡಕ್ಕ” ಎಂದು ಬೇಲಿಯಾಚೆಯಿಂದ ಕೂಗಿದೆ. ಮೋಟಾರುಗಳ ಕಿರುಚಾಟದಲ್ಲಿ ಅವನಿಗೆ ಕೇಳಿಸಲಿಲ್ಲ. ಓಟ ಮುಗಿಯುವವರೆಗೂ ಆ ಕಾರು ಅಲ್ಲೇ ಬಿದ್ದಿತ್ತು.

ತಪ್ಪಿಗೆ ದಂಡವೆಂದರೆ ಅವನ ಒಳ್ಳೆಯ ಓಟವನ್ನೇ ಅಳಿಸುವುದು. ಮುದುಕ ಅಧಿಕಾರಿಯೊಬ್ಬರು ಬಂದು, ಏನಾದರೂ ಕಾರಣವಿದೆಯೇ ಎಂದು ಮೆಲ್ಲಗೆ ಕೇಳಿದರು. ನಾನು ಬಾಯಿ ತೆರೆದೆ. ಖಾಜಾ ನನ್ನ ರಟ್ಟೆ ಒತ್ತಿ, “ನೋ ಸರ್. ಮೈ ಮಿಸ್ಟೇಕ್” ಎಂದ. ಮಧ್ಯಾಹ್ನ ಮಳೆ ಬಂದು ಮೂರನೆಯ ಸುತ್ತು ರದ್ದಾಯಿತು. ಉಳಿದದ್ದು ಎಲ್ಲರಿಗೂ ದಾರಿ ಬಿಟ್ಟ ಮೊದಲ ಓಟ ಒಂದೇ, ಫೈನಲ್ ತಪ್ಪಿತು.

“ಕಣ್ಣಿನ ವಿಷಯ ಹೇಳಿದ್ರ ಬಿಡ್ತಿದ್ರಲ್ಲೋ” ಎಂದು ರೂಮಿನಲ್ಲಿ ರೇಗಿದೆ.

“ಹೇಳಿದ್ರ, ಪಾಪ, ಕುರುಡ ಓಡಿಸ್ಯಾನ ಅಂತಿದ್ರು. ಅದು ನಾ ನೋಡಿ ಓಡಿಸಿದ್ದು, ದೋಸ್ತ.”

ಮತ್ತೆ ಅವನೇ ಹೇಳಿದ: “ಆ ಹುಡುಗನ ಓಟ ಹಾಳು ಮಾಡಿದೆ. ಖರೇ ಸಂಕಟ ಅದ.” ಆಮೇಲೆ ಗೋಡೆಯ ಕಡೆ ತಿರುಗಿ ಅತ್ತ. ನಾನೂ ಅತ್ತೆ.

ಬಂದ ದಾರಿಯಲ್ಲೇ ಮರಳಿದೆವು. ರಾಣೆಬೆನ್ನೂರು ದಾಟಿದ ಮೇಲೆ ಖಾಜಾ ಕಾರಿನ ಪೆಟ್ಟಿಗೆಯನ್ನು ನನ್ನ ತೊಡೆಯ ಮೇಲಿಟ್ಟು, “ನಿನ್ನ ಅಂಗಡ್ಯಾಗ ಇರಲಿ” ಎಂದ. ನಾನು ಬೇಡ ಎನ್ನಲಿಲ್ಲ. ಬ್ಯಾಡಗಿ ಬಂದಾಗ ನನಗಿಂತ ಮೊದಲು ಅವನಿಗೇ ಗೊತ್ತಾಯಿತು, ಮೆಣಸಿನಕಾಯಿಯ ಘಾಟಿಗೆ ಒಂದು ಸೀನು ಸೀನಿ ಎದ್ದ.

ರೈಲು ಹೊರಟಿತು. ಪ್ಲಾಟ್‌ಫಾರಂ ಮೇಲೆ ನಿಂತು ಅವನು ಕೈ ಬೀಸುತ್ತಿದ್ದ, ನಾನಿದ್ದ ಡಬ್ಬಿಗಲ್ಲ, ಹಿಂದಿನದಕ್ಕೆ. ಕಿಟಕಿಗೆ ಮುಖ ಒತ್ತಿ, “ಎಡಕ್ಕ, ಖಾಜಾ, ಎಡಕ್ಕ” ಎಂದು ಕೂಗಿದೆ.

ಈ ಸಲ ಕೇಳಿಸಿತು. ಅವನು ಎಡಕ್ಕೆ ಹೊರಳಿ, ನನ್ನನ್ನು ಹುಡುಕಿ, ನಕ್ಕ. ಅಷ್ಟರಲ್ಲಿ ಪ್ಲಾಟ್‌ಫಾರಂ ಮುಗಿದಿತ್ತು.