ಮಂಡಿಕಲ್ಲಿಗೆ ಬಂದ ಕಡಲು

ಮಂಡಿಕಲ್ಲಿನ ಚನ್ನಕೇಶವ ಮೇಷ್ಟ್ರಿಗೆ ಒಂದು ಹುಚ್ಚಿತ್ತು. ಬೇರೆಯವರಿಗೆ ಇಸ್ಪೀಟಿನ ಹುಚ್ಚು, ನಾಟಕದ ಹುಚ್ಚು. ಈತನಿಗೆ ಕಡಲ ಮೊಟ್ಟೆಯ ಹುಚ್ಚು. ಬಿ.ಎಸ್ಸಿ. ಓದುವಾಗ ಮದರಾಸಿಗೆ ಪ್ರವಾಸ ಹೋಗಿದ್ದನಲ್ಲ, ಅಲ್ಲಿ ಸೀ ಅರ್ಚಿನ್ ಎಂಬ ಮುಳ್ಳುಪ್ರಾಣಿಯ ಮೊಟ್ಟೆ ಫಲ ಕಟ್ಟುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡುಬಿಟ್ಟ. ಮುಗಿಯಿತು! ಚಿಕ್ಕಬಳ್ಳಾಪುರದಲ್ಲಿ ಮೇಷ್ಟ್ರಾದ ಮೇಲೂ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೆಲ್ಲ ಅದೇ ಪುರಾಣ.

ತಾಯಿ ಅಶ್ವತ್ಥಮ್ಮನಿಗೆ ಇದು ನುಂಗಲಾರದ ತುತ್ತು. ಹೊಲ, ತೋಟ ಇದ್ದ ಮನೆ; ಮಗ ಅಮಲ್ದಾರನಾಗುತ್ತಾನೆ ಎಂದು ಆಸೆಪಟ್ಟಿದ್ದಳು.

"ಮೊಟ್ಟೆ ನೋಡಕ್ಕೆ ಅಷ್ಟು ದೂರ ಯಾಕೋ ಹೋಗ್ಬೇಕಿತ್ತು ನಾಯ್ನಾ? ನಮ್ಮ ಕೋಳಿ ಇಕ್ತಿರ್ಲಿಲ್ವಾ?" ಎಂದು ಕಾಲೆಳೆಯುತ್ತಿದ್ದಳು.

ಆ ನಗೆಯ ಹಿಂದಿನ ಬೇಸರ ಮಗನಿಗೆ ಗೊತ್ತಿತ್ತು, ನೋವೂ ಆಗುತ್ತಿತ್ತು. ಅವಳ ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದು ಮಂಜಾಗುತ್ತಿತ್ತು. ಅದೂ ಮುಚ್ಚುವುದರೊಳಗೆ, ತಾನು ಓದಿದ್ದೇನು ಎಂಬುದನ್ನು ಅಮ್ಮ ಒಂದು ಸಲ ನೋಡಬೇಕು. ಅಷ್ಟೇ ಅವನ ಆಸೆ.

ಐವತ್ತೊಂಬತ್ತನೇ ಇಸವಿಯ ಸಂಕ್ರಾಂತಿ ರಜಕ್ಕೆ ಹೆಡ್‌ಮಾಸ್ಟರ ಕೈಕಾಲು ಹಿಡಿದು ಸ್ಕೂಲಿನ ಸೂಕ್ಷ್ಮದರ್ಶಕ ಮನೆಗೆ ತಂದಿಟ್ಟ. ಆಮೇಲೆ ಮದರಾಸಿಗೆ ಹೋಗಿ, ಬೆಸ್ತರಿಂದ ಹಿಡಿಸಿದ ಪ್ರಾಣಿಗಳನ್ನು ಕಡಲ ನೀರು ತುಂಬಿದ ಡಬ್ಬದಲ್ಲಿ ಇಟ್ಟುಕೊಂಡು ರೈಲು, ಬಸ್ಸು ಹತ್ತಿ ಊರಿಗೆ ಬಂದ. ದಾರಿಯುದ್ದಕ್ಕೂ ಜನ ಮೂಗು ಮುಚ್ಚಿಕೊಂಡದ್ದು ಪುಣ್ಯಾತ್ಮನಿಗೆ ಕಾಣಲೇ ಇಲ್ಲ. ಡಬ್ಬವನ್ನು ಜಗಲಿಯ ನೆರಳಿಗಿಟ್ಟು ಸ್ನಾನಕ್ಕೆ ಹೋದ.

ಬಂದು ನೋಡುತ್ತಾನೆ, ಡಬ್ಬದ ತುಂಬ ತಿಳಿನೀರು!

"ಅಮ್ಮಾ, ನೀರೇನಾಯ್ತು?"

"ಥೂ, ನಾರ್ತಿತ್ತು ಕಣೋ. ಪಾಪ, ದೂರದಿಂದ ಬಂದವೆ, ಬಾಯಾರಿರ್ತವೆ ಅಂತ ಈಗ ತಾನೇ ನಮ್ಮ ಸಿಹಿನೀರು ಬಾವೀದು ಹಾಕ್ದೆ."

"ಕೊಂದ್ಬಿಟ್ಯಲ್ಲಮ್ಮಾ! ಉಪ್ಪುನೀರಿಲ್ದೆ ಅವು ಬದುಕಲ್ಲ. ಮೊಟ್ಟೇನೂ ಒಡೆದೋಗ್ತವೆ!" ಮೇಷ್ಟ್ರು ಕುಸಿದು ಕೂತ. ಮೂವತ್ತರ ಗಂಡಸು, ಕಣ್ಣಲ್ಲಿ ನೀರು.

ಅಶ್ವತ್ಥಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಚೆಲ್ಲಿದೀನಿ ಅಂತ ಯಾರಂದ್ರು? ಉಪ್ಪು ಅಂದ್ರೆ ಲಕ್ಷ್ಮಿ ಕಣೋ. ಜನ ತುಳಿಯೋ ಕಡೆ ಹುಯ್ದು ಪಾಪ ಕಟ್ಕೊಳ್ಳಾ? ಹಿತ್ಲಲ್ಲಿ ಮಡಕೇಲಿ ಇಟ್ಟಿದೀನಿ, ನೋಡೋಗು."

ಎದ್ದುಬಿದ್ದು ಓಡಿದ. ಮಡಕೆ ತಂದ, ಒಂದೊಂದೇ ಪ್ರಾಣಿಯನ್ನು ಎತ್ತಿ ಒಡೆದ. ಅವು ಗಂಡೋ ಹೆಣ್ಣೋ ಎಂದು ಒಡೆದ ಮೇಲೇ ತಿಳಿಯುವುದು. ಮೊದಲನೆಯದರಲ್ಲಿ ಕಿತ್ತಲೆ ಬಣ್ಣದ ಮೊಟ್ಟೆ, ಎರಡನೆಯದರಲ್ಲೂ ಅದೇ. ಅಯ್ಯೋ ಶಿವನೇ, ಎಲ್ಲ ಹೆಣ್ಣೇ ಬಂದವೇ? ಉಳಿದದ್ದು ಒಂದೇ. ಅದನ್ನು ಒಡೆದಾಗ ಹಾಲಿನಂಥ ಬಿಳಿ ರಸ ಇಳಿಯಿತು. ಸದ್ಯ, ಗಂಡು!

ಮಡಕೆಯ ನೀರಿನಲ್ಲಿ ಎರಡನ್ನೂ ಬೆರೆಸಿ, ಒಂದು ಹನಿಯನ್ನು ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕದ ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿ ಅಮ್ಮನನ್ನು ಕೂರಿಸಿದ.

"ಏನೋ ದುಂಡಗಿದೆ... ಸುತ್ತ ಸಣ್ಣಸಣ್ಣವು ಮುತ್ತಿದವೆ ಕಣೋ. ಅರೆ! ಮೊಟ್ಟೆ ಮೈಯಿಂದ ಪೊರೆ ಎದ್ದೇಳ್ತಾ ಇದೆ, ಕಾದ ಹಾಲಿನ ಕೆನೆ ಉಬ್ಬಿದಂಗೆ!"

"ಗಂಡಿನ ಬೀಜ ಒಂದು ಒಳಗೆ ಹೋಯ್ತಮ್ಮ. ಇನ್ಯಾವುದೂ ಬರದಂಗೆ ಆ ಪೊರೆ."

"ಅಂದ್ರೆ ಬಂದೋನು ಬಂದ, ಅಗಣಿ ಹಾಕ್ಕೊಂಡ್ಲು ಅನ್ನು! ಬಲೇ ಘಾಟಿ!" ಅಶ್ವತ್ಥಮ್ಮ ಸೆರಗು ಬಾಯಿಗಿಟ್ಟು ನಕ್ಕಳು.

ಹೋಗಿ ಅಡುಗೆ ಮುಗಿಸಿ ಬಂದು ಮತ್ತೆ ಬಗ್ಗಿದಳು. ನಗು ನಿಂತಿತು. ದುಂಡಗಿದ್ದದ್ದು ನಟ್ಟನಡುವೆ ಸೀಳಿ ಎರಡಾಗಿತ್ತು. ಅವಳು ಕಣ್ಣು ಕೀಳದೆಯೇ ಕೇಳಿದಳು:

"ನೀನೂ ಹಿಂಗೇ ಸುರುವಾಗಿದ್ದೇನೋ?"

"ಹೂಂನಮ್ಮ. ಎಲ್ರೂ ಹಿಂಗೇ."

ಅವಳು ಮಗನ ತಲೆ ಸವರಿ, "ಏಳು, ಮುದ್ದೆ ಆರ್ತದೆ" ಎಂದಳು.

ಅರವತ್ತೆರಡನೇ ಇಸವಿಯ ಹೊತ್ತಿಗೆ ಆ ಕಣ್ಣೂ ಹೋಯಿತು. ಪಕ್ಕದ ಮನೆಯ ಪಿಳ್ಳಪ್ಪನ ಮಗ ತಾಲ್ಲೂಕು ಕಚೇರಿ ಸೇರಿದ್ದ. ಆ ಜಂಬದಲ್ಲಿ ಪಿಳ್ಳಪ್ಪ ಒಂದು ದಿನ, "ಮಗನ್ನ ಅಷ್ಟು ಓದ್ಸಿ ಏನು ಬಂತು ಅಶ್ವತ್ಥಮ್ಮ?" ಎಂದು ಕೆಣಕಿದ.

"ನಿನ್ನ ಮಗ ಏನೋದಿದ ಅಂತ ನಿಂಗೆ ಗೊತ್ತೇನಪ್ಪಾ?" ಎಂದಳು ಅಶ್ವತ್ಥಮ್ಮ. "ನನ್ನ ಮಗ ಓದಿದ್ದನ್ನ ನಾನು ಕಣ್ಣಾರೆ ನೋಡಿದೀನಿ."