ಕುಲುಮೆಗೆ ಹಾಕಿದ ಚಿಟಿಕೆ ವಿಭೂತಿ

ಜಮಖಂಡಿಯ ಒಂದು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಚನಮಲ್ಲಪ್ಪ ಇಪ್ಪತ್ತೆಂಟು ವರ್ಷ ಅಟೆಂಡರ್ ಆಗಿದ್ದ. ಅಷ್ಟು ವರ್ಷದಲ್ಲಿ ಅವನ ಕೈಯಿಂದ ಗಾಜಿನ ಸಾಮಾನು ಒಡೆದದ್ದು ಎರಡೇ ಸಲ. ಅದರಲ್ಲೊಂದು ಬೆಕ್ಕಿನ ತಪ್ಪು ಎಂದು ಕೊನೆಯವರೆಗೂ ಸಾಧಿಸಿದ. ಹಣೆಗೆ ವಿಭೂತಿ ಇಲ್ಲದೆ ಅವನು ಬೀಗ ತೆಗೆದದ್ದನ್ನು ಯಾರೂ ಕಂಡಿಲ್ಲ. ಅದೇನು ಅಂಗಡಿಯ ವಿಭೂತಿಯಲ್ಲ. ಹೆಂಡತಿ ರತ್ನಾಬಾಯಿ ಮನೆಯ ಆಕಳ ಸಗಣಿ ಸುಟ್ಟು, ಇನ್ನೇನೋ ಬೆರೆಸಿ, ಕೈಯಾರೆ ಕಟ್ಟಿದ ಗಟ್ಟಿ.

ಒಂದು ಮಹಾನವಮಿಯಲ್ಲಿ ಆಯುಧಗಳ ಖಂಡೆಪೂಜೆಯೆಂದು ಪ್ರಯೋಗಾಲಯದ ತಕ್ಕಡಿಗೆ ಮೂರೆಳೆ ವಿಭೂತಿ ಎಳೆದು, ಆಗಿನ ಪ್ರಾಧ್ಯಾಪಕರಿಂದ ಚೆನ್ನಾಗಿ ಉಗಿಸಿಕೊಂಡ. ಅಂದಿನಿಂದ ಅವನ ಭಕ್ತಿ ಕಳ್ಳದಾರಿ ಹಿಡಿಯಿತು.

2004ರಲ್ಲಿ ಬನಹಟ್ಟಿಯ ಕಾವೇರಿ ಉಪನ್ಯಾಸಕಿಯಾಗಿ ಬಂದಳು. ಕಬ್ಬಿನ ಸಿಪ್ಪೆ ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲಿನಲ್ಲಿ ವಿದ್ಯುತ್ತನ್ನು ಕೂಡಿಡುವುದು ಅವಳ ಪಿಎಚ್.ಡಿ.ಯ ವಿಷಯ. ಇದ್ದಿಲಿನಲ್ಲಿ ಕಣ್ಣಿಗೆ ಕಾಣದ ತೂತು ಹೆಚ್ಚಿದಷ್ಟೂ ವಿದ್ಯುತ್ತು ಹೆಚ್ಚು ನಿಲ್ಲುತ್ತದೆ ಎಂದು ಚನಮಲ್ಲಪ್ಪನಿಗೂ ಬಿಡಿಸಿ ಹೇಳಿದಳು. ಮುಧೋಳದ ಕಡೆಯಿಂದ ಸಿಪ್ಪೆ ತಂದು, ಒಣಗಿಸಿ, ಪುಡಿ ಮಾಡಿ ಕುಲುಮೆಗೆ ಇಡುವುದು ಅವನ ಕೆಲಸ. ಎರಡು ವರ್ಷ ಏನೂ ಕೈಗೆ ಹತ್ತಲಿಲ್ಲ. ಒಂದು ಸಂಜೆ ಅವಳು ಮೇಜಿಗೆ ತಲೆಯಿಟ್ಟು ಅಳುವುದನ್ನು ಅವನು ನೋಡಿದ. ಮರುದಿನ ಪುಡಿಯನ್ನು ಕುಲುಮೆಗೆ ಇಡುವಾಗ, ಶಿವನೇ ನೋಡಿಕೊಳ್ಳಲಿ ಎಂದು ಒಂದು ಚಿಟಿಕೆ ವಿಭೂತಿ ಬೆರೆಸಿದ.

ಆ ಇದ್ದಿಲು ಹಿಂದಿನದಕ್ಕಿಂತ ಎರಡರಷ್ಟು ವಿದ್ಯುತ್ತು ಹಿಡಿಯಿತು. ಕಾವೇರಿ ಪೇಡೆ ಹಂಚಿದಳು. ಅವನು ಪ್ರತಿ ಸಲವೂ ಚಿಟಿಕೆ ಹಾಕುತ್ತ ಹೋದ. ಬೈಸಿಕೊಳ್ಳುವ ಭಯಕ್ಕೆ ಬಾಯಿ ಬಿಡಲಿಲ್ಲ. ಪಾಪ, ಅದು ದೇವರ ಕೆಲಸ ಎಂದುಕೊಂಡನೇ ಹೊರತು ಬೂದಿಯ ಕೆಲಸ ಎಂದು ಅವನಿಗೆ ಹೊಳೆಯಲೇ ಇಲ್ಲ.

2010ರಲ್ಲಿ ಅವನು ನಿವೃತ್ತನಾದ. ಅದೇ ಬೇಸಿಗೆ ಮುಗಿಯುವ ಮೊದಲೇ ರತ್ನಾಬಾಯಿ ತೀರಿಕೊಂಡಳು. ಆಮೇಲೆ ಅಂಗಡಿಯ ವಿಭೂತಿ ಹಚ್ಚಿಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ.

ಮರುವರ್ಷ ಹೊಸ ಅಟೆಂಡರ್ ಧರೆಪ್ಪ ಬಸ್‌ ಸ್ಟ್ಯಾಂಡಿನಲ್ಲಿ ಸಿಕ್ಕು ಸುದ್ದಿ ಹೇಳಿದ. ಕಾವೇರಿಯ ಪ್ರಬಂಧ ಓದಿದ ಪರೀಕ್ಷಕರು ಅವಳ ವಿಧಾನದಂತೆಯೇ ಇದ್ದಿಲು ಮಾಡಿದರಂತೆ, ಅರ್ಧವೂ ಬರಲಿಲ್ಲವಂತೆ. ಅವಳು ಮಾಡಿದರೂ ಈಗ ಬರುತ್ತಿಲ್ಲ, ಹಳೆಯ ಇದ್ದಿಲೆಲ್ಲ ಪರೀಕ್ಷೆಯಲ್ಲೇ ತೀರಿಹೋಗಿದೆ. ಅಂಕಿ ಸುಳ್ಳು ಬರೆದಿದ್ದಾಳೆಂದು ಊರೆಲ್ಲ ಆಡಿಕೊಳ್ಳುತ್ತಿದೆ. ಮೂರು ವಾರದಲ್ಲಿ ಸಮಿತಿಯ ಎದುರು ಮಾಡಿ ತೋರಿಸದಿದ್ದರೆ ಏಳು ವರ್ಷದ ದುಡಿಮೆ ರದ್ದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಚನಮಲ್ಲಪ್ಪನಿಗೆ ನಿಂತಲ್ಲೇ ಎಲ್ಲ ತಿಳಿಯಿತು. ನೆಟ್ಟಗೆ ಪ್ರಯೋಗಾಲಯಕ್ಕೆ ನಡೆದ.

“ಬಾಯಾರ, ನೀವು ಸುಳ್ಳ ಬರದಿಲ್ಲರೀ. ಕುಲುಮಿಗೆ ಇಡೂ ಮುಂದ ನಾ ಒಂದ ಚಿಟಿಕಿ ವಿಭೂತಿ ಹಾಕತಿದ್ನಿ,” ಎಂದು ಕಾವೇರಿಗೆ ಹೇಳಿದ.

ಬೈಗುಳಕ್ಕೆ ಕಾದು ನಿಂತ. ಅವಳು ಬೈಯಲಿಲ್ಲ, ಬಹಳ ದಿನದ ಮೇಲೆ ಅವಳ ಮುಖ ಬೆಳಗಿತು. ಆದರೆ ಅಂಗಡಿಯ ವಿಭೂತಿ ಹಾಕಿ ನೋಡಿದರೆ ಅದು ಬರೀ ಸುಣ್ಣದ ಪುಡಿ. ನಾಲ್ಕು ಮನೆಯ ಸಗಣಿಯ ಬೂದಿ ತಂದು ಹಾಕಿದರೂ ಆ ಅಂಕಿ ಬರಲಿಲ್ಲ. ರತ್ನಾಬಾಯಿಯ ಬೂದಿಯಲ್ಲಿ ಏನಿತ್ತೆಂದು ಪರೀಕ್ಷಿಸಬೇಕಾದರೆ ಆ ಬೂದಿಯೇ ಬೇಕಿತ್ತು.

“ಮನ್ಯಾಗ ಒಂದ ಚೂರರೆ ಉಳದೈತೇನ್ರೀ?” ಎಂದು ಕೇಳಿದಳು.

ಅವನು ದೇವರ ಗೂಡನ್ನು ಆಗಲೇ ಬೆರಳಿನಿಂದ ಕೆರೆದು ನೋಡಿ ಬಂದಿದ್ದ. ಸತ್ತವರ ಜೊತೆ ವಿಭೂತಿಯ ಗಟ್ಟಿ ಇಟ್ಟು ಮಣ್ಣು ಕೊಡುವುದು ಅವರ ಮನೆತನದ ಪದ್ಧತಿ. ಇದ್ದಬದ್ದ ಹನ್ನೊಂದು ಗಟ್ಟಿಯನ್ನೂ ಹೆಂಡತಿಯ ಸುತ್ತ ಇಟ್ಟಿದ್ದ. ಗಲಗಲಿಯ ಹೊಳೆದಂಡೆಯಲ್ಲಿ ಅವಳನ್ನು ಹೂಳಿದ ಹೊಲದಲ್ಲಿ ಮಳೆಗಾಲದಿಂದ ಅಣೆಕಟ್ಟಿನ ಹಿನ್ನೀರು ನಿಂತಿತ್ತು.

“ಎಲ್ಲಾ ಅಕಿ ಜೋಡಿ ಕುಣ್ಯಾಗ ಇಟ್ನಿರೀ,” ಎಂದ. ಅದರಲ್ಲಿ ಏನು ಬೆರೆಸುತ್ತಿದ್ದಳು ಎಂದು ಕಾವೇರಿ ಕೇಳಿದಾಗ ಅವನು ತಲೆಯಲ್ಲಾಡಿಸಿದ. “ಮೂವತ್ನಾಕ ವರ್ಷದಾಗ ನಾ ಒಮ್ಮಿನೂ ಕೇಳಲಿಲ್ಲ.”

ಸಮಿತಿ ಬಂದ ದಿನವೂ ಇದ್ದಿಲು ಅರ್ಧದಷ್ಟೇ ವಿದ್ಯುತ್ತು ಹಿಡಿಯಿತು. ಚನಮಲ್ಲಪ್ಪ ಕರೆಯದೆಯೇ ಒಳಗೆ ಬಂದು ನಡೆದದ್ದೆಲ್ಲ ಹೇಳಿದ. ಒಬ್ಬರು ನಕ್ಕರು. ಇನ್ನೊಬ್ಬರು ನಗದೆ, ಆ ವಿಭೂತಿ ಎಲ್ಲಿದೆ, ತೋರಿಸಿ ಎಂದರು. ರೂಢಿಯಂತೆ ಅವನ ಕೈ ಹಣೆಗೆ ಹೋಯಿತು. ಹಣೆ ಬರಿದಾಗಿತ್ತು.