ಅಕ್ಕಯಮ್ಮನ ಕೈಗುಣ

ಹೋದ ಸೋಮವಾರ ಬೆಳಿಗ್ಗೆ ವಿಭಾಗದ ನನ್ನ ಕೋಣೆಯ ಬಾಗಿಲು ತೆರೆದದ್ದೇ ಹೊಗೆಸೊಪ್ಪಿನ ಘಾಟು ಮೂಗಿಗೆ ಬಡಿಯಿತು. ನಾನು ಸೇದುವವನಲ್ಲ, ಅಗಿಯುವವನೂ ಅಲ್ಲ. ನೋಡಿದರೆ ಮೇಜಿನ ಮೇಲೆ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಒಂದು ಕಟ್ಟು, ಅದರ ಮೇಲೊಂದು ಚೀಟಿ: "ಸರ್, ಕಷಾಯಕ್ಕೆ ತಂದಿದೀವಿ. ಬೇವು, ಬೆಳ್ಳುಳ್ಳಿ ನಾಳೆ ತರ್ತೀವಿ." ಈ ವರ್ಷದ ಹಸಿರು ಬಳಗದ ಹುಡುಗಿಯರ ಕೆಲಸ. ಗಿಡಗಳಿಗೆ ಹುಳ ಬಿದ್ದಿದೆ, ರಾಸಾಯನಿಕ ಮುಟ್ಟದೆ ಹುಳ ಕೊಲ್ಲಬೇಕು, ಪಾಪ, ಎಲ್ಲೆಲ್ಲೋ ಹುಡುಕಿ ವಿಧಾನ ಕಂಡುಕೊಂಡಿದ್ದಾರೆ. ಅದು ಸಿಕ್ಕಿದ್ದು ನಮ್ಮದೇ ವಿಶ್ವವಿದ್ಯಾಲಯದ ಹಸಿರು ಕೈಪಿಡಿಯಲ್ಲಿ. ಅದನ್ನು ಬರೆದವನು ನಾನೇ.

ಕಿಟಕಿ ತೆರೆದು ಕುಳಿತೆ. ಮೊದಲ ಗಂಟೆಯ ಪಾಠಕ್ಕೆ ಹೋಗಲಿಲ್ಲ. ಇದನ್ನು ನಿಮಗೆ ಹೇಳಿಬಿಡುತ್ತೇನೆ. ಹೇಳಬೇಕಾದವರಿಗೆ ಹೇಳದೆ ಏಳು ವರ್ಷ ನೂಕಿದವನು ನಿಮ್ಮ ಮುಂದೆ ನಾಚಿಕೊಂಡು ಏನಾಗಬೇಕಿದೆ?

ನಾನು ಸಸ್ಯಶಾಸ್ತ್ರದ ಮೇಷ್ಟ್ರು. ಹಿಂದೊಮ್ಮೆ ಮೆಟ್ಟಿಲ ಪಕ್ಕದ ಕುಂಡಕ್ಕೆ ನನ್ನ ಬಾಟಲಿಯ ನೀರು ಸುರಿಯುತ್ತಿದ್ದಾಗ ಕುಲಪತಿಗಳ ಕಣ್ಣಿಗೆ ಬಿದ್ದೆ. ಮರುವಾರವೇ ಆದೇಶ ಬಂತು: ಸುಸ್ಥಿರತಾ ಯೋಜನೆಗಳ ಸಂಯೋಜಕ. ತೋಟದ ಕೆಲಸ ನೋಡಿಕೊಳ್ಳುವ ಖಾದರ್ ಸಾಬರಿಗೆ ಆ ಪದ ನಾಲಿಗೆಯಲ್ಲಿ ಹೊರಳದೆ ಅವರು 'ಸುಸ್ತಿರತೆ' ಅನ್ನುತ್ತಿದ್ದರು. ಅದರಿಂದ ಇಡೀ ಕಚೇರಿಗೆ ನಾನು ಸುಸ್ತು ಮೇಷ್ಟ್ರಾದೆ. ಹೆಸರಿಗೆ ತಕ್ಕಂತೆಯೇ ನಡೆಯಿತು. ಸೈಕಲ್ ಬುಧವಾರ ಶುರು ಮಾಡಿದೆ. ದೊಡ್ಡವರ ಸೈಕಲ್ಲುಗಳು ಕಾರಿನ ಹಿಂದೆ ಕಟ್ಟಿಸಿಕೊಂಡು ಗೇಟಿನವರೆಗೆ ಬಂದು ಅಲ್ಲಿಂದ ಒಳಕ್ಕೆ ಸವಾರಿ ಹೊರಡುತ್ತಿದ್ದವು. ಛಾವಣಿಯ ನೀರು ಹಿಡಿಯಲು ತೊಟ್ಟಿ ಕಟ್ಟಿಸಿದೆ. ಆ ವರ್ಷ ಮಳೆ ಕೈಕೊಟ್ಟು ತೊಟ್ಟಿಯೊಳಗೆ ನಾಯಿ ಮರಿ ಹಾಕಿತು. ಆದರೂ ಒಂದು ವಿಷಯದಲ್ಲಿ ನನಗೆ ಹೆಮ್ಮೆಯಿತ್ತು. ನಮ್ಮ ಆವರಣದೊಳಗೆ ಒಂದು ತೊಟ್ಟು ಕೀಟನಾಶಕವೂ ಬರುವಂತಿರಲಿಲ್ಲ. ಇದನ್ನು ಸಿಕ್ಕಸಿಕ್ಕವರ ಮುಂದೆ ಕೊಚ್ಚಿಕೊಳ್ಳುವ ಚಾಳಿಯೂ ನನಗಿತ್ತು.

ಹಾಗೆ ಕೊಚ್ಚಿಕೊಂಡದ್ದನ್ನು ಕೇಳಿದವರಲ್ಲಿ ಅಕ್ಕಯಮ್ಮ ಒಬ್ಬರು. ಜಂಗಮಕೋಟೆಯ ಆಚೆ, ಮುಖ್ಯರಸ್ತೆಯಿಂದ ಒಳಕ್ಕಿರುವ ನಮ್ಮ ಆವರಣದ ಹಿಂದಿನ ಬೇಲಿಗೆ ಅಂಟಿಕೊಂಡಂತೆ ಅವರ ಹಿಪ್ಪುನೇರಳೆ ತೋಟ. ತೋಟದ ತುದಿಗೆ ಮನೆ, ಮನೆಯ ಮಗ್ಗುಲಿಗೆ ರೇಷ್ಮೆಹುಳ ಸಾಕುವ ಉದ್ದನೆಯ ಕೋಣೆ. ಮಗ ಮುನಿರಾಜು, ಸೊಸೆ, ಅವರು, ಮೂವರದೇ ದುಡಿಮೆ. ಮಧ್ಯಾಹ್ನ ಪಾಠ ಇಲ್ಲದಾಗ ನಾನು ಬೇಲಿಯ ಸಂದಿಯಲ್ಲಿ ನುಸುಳಿ ಅವರ ಜಗಲಿಗೆ ಹೋಗಿ ಕೂರುತ್ತಿದ್ದೆ. ಪುಸ್ತಕದಲ್ಲಿ ಓದಿ ಪಾಠ ಹೇಳುವವನಿಗೆ ಸೊಪ್ಪನ್ನು ಬರೀ ಬೆರಳಲ್ಲಿ ಮುಟ್ಟಿ ಅದರ ವಯಸ್ಸು ಹೇಳುವವರ ಹತ್ತಿರ ಕೂರುವುದೇ ಒಂದು ಸುಖ.

ಅವರ ಕೈಗುಣ ಸುತ್ತಲ ಹಳ್ಳಿಗಳಲ್ಲಿ ಹೆಸರಾಗಿತ್ತು. ಯಾರ ಮನೆಗೆ ಹೊಸದಾಗಿ ಮರಿಹುಳ ಬಂದರೂ ಮೊದಲ ಹಿಡಿ ಸೊಪ್ಪನ್ನು ಅಕ್ಕಯಮ್ಮ ಹಾಕಬೇಕು. ಕೆಲವರು ಬೈಕಿನಲ್ಲಿ ಬಂದು ಕೂರಿಸಿಕೊಂಡು ಹೋಗುತ್ತಿದ್ದರು. ಅವರಿಗೊಂದೇ ಚಟ, ಎಲೆ ಅಡಿಕೆ, ಜೊತೆಗೆ ಚೂರು ಹೊಗೆಸೊಪ್ಪು. ಆದರೆ ಆ ಸಂಚಿ ಹುಳದ ಮನೆಯ ಕಡೆ ಮುಖ ಮಾಡುವಂತಿರಲಿಲ್ಲ. ದೂರದ ದನದ ಕೊಟ್ಟಿಗೆಯ ಗೂಟಕ್ಕೆ ಅದು ನೇತಾಡುತ್ತಿತ್ತು. ಒಳಗೆ ಹೋಗುವ ಮೊದಲು ಬಾಯಿ ಮುಕ್ಕಳಿಸಿ, ಮೊಣಕೈವರೆಗೆ ಸೋಪು ಹಾಕಿ ಉಜ್ಜಿ, ಬ್ಲೀಚಿಂಗ್ ನೀರಿನಲ್ಲಿ ಪಾದ ಅದ್ದಿ, ಆಮೇಲೆ ಹೊಸ್ತಿಲು ದಾಟುತ್ತಿದ್ದರು. "ನಾನು ಹಾಕೋ ಸುಡುಗಾಡು ಸೊಪ್ಪಿನ ವಾಸ್ನೆ ಸೋಕಿದ್ರೂ ಸಾಕು ಮೇಷ್ಟ್ರೇ, ಹೋದ್ವು," ಎಂದು ಅವರೇ ನನಗೆ ಹೇಳಿದ್ದರು. ಈ ಮಾತನ್ನು ಗುರುತಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಇನ್ನೊಂದು ಮಾತೂ ಹೇಳಿದ್ದರು. "ನಿಮ್ ಕಡೆ ಏನಾದ್ರೂ ಔಷಧಿ ಹೊಡೆಯೋದಿದ್ರೆ ಬೇಲಿ ಹತ್ರ ಬಂದು ಒಂದ್ ಕೂಗು ಹಾಕಿ. ಆ ಸಾಲಿನ ಸೊಪ್ಪು ಕುಯ್ಯದೆ ಬಿಡ್ತೀವಿ, ಅಷ್ಟೆ."

"ಔಷಧಿ ಅನ್ನೋದೇ ನಮ್ಮಲ್ಲಿಲ್ಲಮ್ಮ, ನಮ್ಮದು ಹಸಿರು ಕ್ಯಾಂಪಸ್ಸು," ಎಂದು ನಾನು ಎದೆಯುಬ್ಬಿಸಿದ್ದೆ.

ನಮ್ಮ ಸೀಮೆಯಲ್ಲಿ ಬೆಳೆಗೆ ಹೊಡೆಯುವ ವಿಷಕ್ಕೆ ಔಷಧಿ ಎಂದೇ ಹೆಸರು. ವಿಷವನ್ನು ಔಷಧಿ ಎನ್ನುವ ರೈತರ ಬಗ್ಗೆ ನಾನು ತರಗತಿಯಲ್ಲಿ ತಮಾಷೆ ಮಾಡುತ್ತಿದ್ದೆ. ನಾನೂ ವಿಷಕ್ಕೆ ಇನ್ನೂ ಮುದ್ದಾದ ಹೆಸರಿಡುವವನೇ ಎಂದು ಆಗ ತಿಳಿದಿರಲಿಲ್ಲ.

ಆ ವರ್ಷ ಮೌಲ್ಯಮಾಪನದ ಸಮಿತಿ ಬರುವುದಿತ್ತು. ಹಸಿರು ಆವರಣಕ್ಕೆ ಪ್ರತ್ಯೇಕ ಅಂಕ. ಸರಿಯಾಗಿ ಅದಕ್ಕೆ ಎರಡು ದಿನ ಮುಂಚೆ ಹಿಂದಿನ ಬೇಲಿಯುದ್ದಕ್ಕೂ ನೆಟ್ಟಿದ್ದ ನುಗ್ಗೆಗಳಿಗೆ ಕಂಬಳಿಹುಳ ಮುತ್ತಿಕೊಂಡಿತು. ಕಾಂಡದ ಮೇಲೆ ಗೊಂಚಲು ಗೊಂಚಲು, ಮೇಲೆ ನೋಡಿದರೆ ಬರೀ ಕಡ್ಡಿ. ನಾನು ವಿದ್ಯಾರ್ಥಿಗಳನ್ನು ಸೇರಿಸಿ ಹಂಡೆಯಲ್ಲಿ ಕಷಾಯ ಕುದಿಸಿದೆ. ಬೇವು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಗಂಜಲ, ಹೊಗೆಸೊಪ್ಪು. ಹೊಗೆಸೊಪ್ಪನ್ನು ಧಾರಾಳವಾಗಿಯೇ ಹಾಕಿಸಿದೆ. ಖಾದರ್ ಸಾಬರು ಆ ದಿನ ಮುರುಗಮಲ್ಲದ ತಮ್ಮ ಮನೆಗೆ ಹೋಗಿದ್ದರು, ಇಲ್ಲದಿದ್ದರೆ ಹಂಡೆಯ ಹತ್ತಿರವೇ ತಡೆಯುತ್ತಿದ್ದರು. ಮಧ್ಯಾಹ್ನದ ಬೀಸುಗಾಳಿಯಲ್ಲಿ ನುಗ್ಗೆಗೆ ಸಿಂಪಡಿಸಿದೆವು. ಗಾಳಿ ಅಕ್ಕಯಮ್ಮನ ತೋಟದ ಕಡೆಗಿತ್ತು. ಹಸಿರು ಬಟ್ಟೆ ತೊಟ್ಟು ಫೋಟೋ ತೆಗೆಸಿಕೊಂಡೆವು. ಒಂದ್ ಕೂಗು ಹಾಕಬೇಕು ಎಂಬುದು ನನಗೆ ನೆನಪಾಗಲಿಲ್ಲ ಎಂದರೆ ಅದು ಪೂರ್ತಿ ನಿಜವಲ್ಲ. ನೆನಪಾಗಿತ್ತು. ಇದು ಔಷಧಿಯಲ್ಲವಲ್ಲ, ಕಷಾಯ ತಾನೇ, ಎಂದುಕೊಂಡೆ.

ಮಾರನೆಯ ಮಧ್ಯಾಹ್ನ ಅಕ್ಕಯಮ್ಮ ಬೇಲಿಯ ಹತ್ತಿರ ಬಂದರು. ಅವರು ಓಡಿ ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಮೇಷ್ಟ್ರೇ, ಹುಳ ಎಲ್ಲಾ ತಲೆ ಎತ್ಕೊಂಡು ಕೂತವೆ. ನಾಲ್ಕನೇ ಜ್ವರ ಎದ್ದು ಮೂರು ದಿನ ಆಯ್ತು, ಮತ್ತೆ ಜ್ವರಕ್ಕೆ ಕೂತಂಗೆ ಕೂತವೆ. ಸೊಪ್ಪು ಮುಟ್ತಿಲ್ಲ. ನೀವೇನಾದ್ರೂ ಔಷಧಿ ಹೊಡೆದ್ರಾ?"

ಹುಳ ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಆ ಹೊತ್ತಿನಲ್ಲಿ ಹುಳ ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ. ನಾಲ್ಕು ಜ್ವರ ಮುಗಿದರೆ ಮುಗಿಯಿತು, ಇನ್ನು ಗೂಡು ಕಟ್ಟುವುದೊಂದೇ. ಐದನೆಯ ಜ್ವರ ಎಂಬುದಿಲ್ಲ.

"ಇಲ್ಲಮ್ಮ, ಔಷಧಿ ಏನೂ ಹೊಡೆದಿಲ್ಲ," ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನಿಸಲೇ ಇಲ್ಲ.

ಸಂಜೆ ಖಾದರ್ ಸಾಬರು ಬಂದು ಹಂಡೆ ಮೂಸಿದವರೇ ಹಿಂದಕ್ಕೆ ಸರಿದರು. "ಸಾರ್, ಹೊಗೆಸೊಪ್ಪು ಹಾಕಿದ್ರಾ? ಆ ಕಡೆ ರೇಷ್ಮೆ ಐತಲ್ಲ ಸಾರ್! ಬೇಗ ಹೋಗಿ ಹೇಳಿ. ಈ ಕಡೆ ಸೊಪ್ಪು ನಿಲ್ಸಿ ಬೇರೆ ಕಡೆದು ಹಾಕಿದ್ರೆ ಒಂದಷ್ಟಾದ್ರೂ ಉಳೀತವೆ."

ಹುಳಕ್ಕೆ ಹೊಡೆದದ್ದು ಹುಳಕ್ಕೇ ತಾಗಿತ್ತು. ಸಂದಿಯಲ್ಲಿ ನುಸುಳಿದರೆ ಅಕ್ಕಯಮ್ಮನ ಜಗಲಿಗೆ ಇನ್ನೂರು ಹೆಜ್ಜೆ. ನಾನು ಹೋಗಲಿಲ್ಲ. ಬೆಳಗಾದರೆ ಸಮಿತಿ ಬರುವುದು, ಈಗ ಹೇಳಿದರೆ ಮುನಿರಾಜು ಹತ್ತು ಜನರನ್ನು ಕರೆದುಕೊಂಡು ಗೇಟಿನ ಮುಂದೆ ನಿಲ್ಲುತ್ತಾನೆ, ಒಂದೇ ಒಂದು ದಿನ ಕಳೆಯಲಿ, ಆಮೇಲೆ ಕಾಲಿಗೆ ಬಿದ್ದಾದರೂ ಹೇಳುತ್ತೇನೆ ಎಂದುಕೊಂಡೆ. ಖಾದರ್ ಸಾಬರಿಗೆ "ಹೇಳ್ತೀನಿ, ನೀವು ಸುಮ್ಮನಿರಿ" ಎಂದೆ. ಅವರು ನಂಬಿ ಸುಮ್ಮನಾದರು. ಆ ಒಂದು ದಿನ ನಾನು ಸಮಿತಿಯವರಿಗೆ ನುಗ್ಗೆಯ ಸಾಲು ತೋರಿಸಿ, ನಮ್ಮಲ್ಲಿ ವಿಷವೇ ಇಲ್ಲ ಎಂದು ಹೇಳುತ್ತಾ ನಡೆದೆ. ಬೇಲಿಯಾಚೆ ಅಕ್ಕಯಮ್ಮ, ಹುಳ ಹಸಿದಿರಬೇಕು ಪಾಪ ಎಂದು, ಬೇಲಿ ಪಕ್ಕದ ಸಾಲಿನ ಎಳೆಯ ಹಿಪ್ಪುನೇರಳೆ ಸೊಪ್ಪನ್ನು ಆಯ್ದು ಆಯ್ದು ಒಳಗೆ ಒಯ್ಯುತ್ತಿದ್ದರು. ನಾನು ಅದನ್ನು ಕಣ್ಣಾರೆ ಕಂಡೆ.

ಸಮಿತಿ ಹೋದ ಮರುದಿನ ಹೋದೆ. ನಿಜ, ಹೇಳಲೆಂದೇ ಹೋದೆ. ಹುಳದ ಮನೆಯ ಬಾಗಿಲಲ್ಲಿ ಜನ ಸೇರಿದ್ದರು. ತಟ್ಟೆಗಳಲ್ಲಿ ಹುಳಗಳು ಹಸಿರು ನೀರು ಕಕ್ಕಿಕೊಂಡು, ಕುಗ್ಗಿ, ಸಾಲುಸಾಲಾಗಿ ಬಿದ್ದಿದ್ದವು. ರೇಷ್ಮೆ ತಿಳಿದವರೊಬ್ಬರನ್ನು ಮುನಿರಾಜು ಕರೆಸಿದ್ದ. ಅವರು ಒಂದು ಹುಳವನ್ನು ಅಂಗೈಲಿಟ್ಟು ತಿರುಗಿಸಿ ನೋಡಿ ಕೇಳಿದರು: "ಇದು ತಂಬಾಕು ಸೋಕಿರೋದು. ಮನೇಲಿ ಯಾರು ಹೊಗೆಸೊಪ್ಪು ಹಾಕೋರು?"

ಎಲ್ಲರ ಕಣ್ಣೂ ಅಕ್ಕಯಮ್ಮನ ಕಡೆ ತಿರುಗಿತು. ನನ್ನ ಕಣ್ಣೂ ತಿರುಗಿತು.

ಅಕ್ಕಯಮ್ಮ ತಮ್ಮ ಎರಡು ಅಂಗೈಗಳನ್ನೂ ಮುಖದ ಮುಂದೆ ಹಿಡಿದು ನೋಡಿಕೊಂಡರು. "ತೊಳ್ಕೊಂಡಿದ್ದೆ ಕಣೋ ಮುನಿರಾಜ," ಎಂದರು. "ದೇವುಡಾ, ತೊಳ್ಕೊಂಡೇ ಹೋಗಿದ್ದೆ ಕಣೋ."

ಬಾಗಿಲಲ್ಲಿ ನಿಂತಿದ್ದ ನನಗೆ ಬಾಯಿ ತೆರೆಯಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇಕಿತ್ತೇ? ತೆರೆಯಲಿಲ್ಲ. ಹೇಡಿ ಎಂದು ನನ್ನನ್ನು ನಾನೇ ಬೈದುಕೊಳ್ಳುವುದು ಈಗ ಸುಲಭ, ಆಗಲೂ ಸುಲಭವಾಗಿತ್ತು. ಮಾತೊಂದೇ ಕಷ್ಟವಾಯಿತು. ಹುಳಗಳನ್ನು ತಿಪ್ಪೆಯ ಪಕ್ಕ ಗುಂಡಿ ತೋಡಿ ಮುಚ್ಚಿದರು. ಅಕ್ಕಯಮ್ಮ ಕೊಟ್ಟಿಗೆಯ ಗೂಟದಿಂದ ಸಂಚಿ ತೆಗೆದು ಅದೇ ಗುಂಡಿಗೆ ಎಸೆದರು. ಮುಂದಿನ ತಿಂಗಳು ನಮಗೆ ಒಳ್ಳೆಯ ಅಂಕ ಬಂದ ಸುದ್ದಿ ಬಂತು. ನನಗೆ ಶಾಲು ಹೊದಿಸಿದರು. ಕೈಪಿಡಿ ಬರೆಯಲು ಹೇಳಿದರು. ಕಷಾಯದ ಪುಟವನ್ನೂ ಬರೆದೆ, ಬಿಟ್ಟರೆ ಯಾಕೆ ಬಿಟ್ಟೆ ಎಂದು ಕೇಳುತ್ತಿದ್ದರು. ಖಾದರ್ ಸಾಬರು ಅಂದಿನಿಂದ ನಿವೃತ್ತರಾಗುವವರೆಗೆ ನನ್ನನ್ನು ಸುಸ್ತು ಮೇಷ್ಟ್ರು ಎನ್ನಲಿಲ್ಲ, ಬರೀ ಸಾರ್ ಎಂದರು.

ಆಮೇಲೆ ಅಕ್ಕಯಮ್ಮ ಹುಳದ ಮನೆಯ ಹೊಸ್ತಿಲು ಮೆಟ್ಟಲಿಲ್ಲ. ಯಾರೂ ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಮೊದಲ ಹಿಡಿ ಸೊಪ್ಪಿಗೆಂದು ಬರುತ್ತಿದ್ದ ಬೈಕುಗಳು ನಿಂತವು. ನಾನು ಬೇಲಿಯ ಸಂದಿಗೆ ಮುಳ್ಳುತಂತಿ ಹಾಕಿಸಿದೆ. ದನ ನುಗ್ಗುತ್ತವೆ ಎಂದು ಕಾರಣ ಬರೆದೆ.

ಇಷ್ಟು ನೆನೆಯುವಷ್ಟರಲ್ಲಿ ಎರಡನೇ ಗಂಟೆಯೂ ಮುಗಿದಿತ್ತು. ಹುಡುಗಿಯರನ್ನು ಕರೆದು ನಿಮಗೆ ಹೇಳಿದ್ದನ್ನೇ ಹೇಳಿದೆ. ಕುಲಸಚಿವರಿಗೆ ಪತ್ರ ಬರೆದು, ಆ ಪುಟ ಯಾಕೆ ತೆಗೆಯಬೇಕೆಂದು ಕಾರಣ ಸಮೇತ ಕೊಟ್ಟೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಅಲ್ಲಿಂದ ರಸ್ತೆ ಸುತ್ತಿಕೊಂಡು ಅಕ್ಕಯಮ್ಮನ ಮನೆಗೆ ಹೋದೆ.

ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. "ಏನ್ ಮೇಷ್ಟ್ರೇ, ದಾರಿ ತಪ್ಪಿ ಬಂದ್ರಾ?" ಎಂದರು. ನಿಂತುಕೊಂಡೇ ಎಲ್ಲ ಹೇಳಿದೆ. ಹಂಡೆ, ಗಾಳಿ, ಸಮಿತಿ, ಬಾಗಿಲು, ಒಂದೂ ಬಿಡಲಿಲ್ಲ. ಅವರು ಕಾಯಿ ಸುಲಿಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡು ಕೊನೆಗೆ ನಕ್ಕರು.

"ಮುದುಕಿಗೆ ಸಮಾಧಾನ ಹೇಳೋಣ ಅಂತ ಬಂದಿದೀರ. ನಿಮ್ ಮನಸ್ಸು ದೊಡ್ಡದಪ್ಪ."

"ಸಮಾಧಾನ ಅಲ್ಲಮ್ಮ, ನಿಜ."

"ಅವತ್ತೇ ಬೇಲಿ ಹತ್ರ ಬಂದು ಕೇಳಿದ್ನಲ್ಲ? ಇಲ್ಲ ಅಂದ್ರಿ. ನಿಮ್ಮಂಥೋರು ಯಾಕೆ ಸುಳ್ಳು ಹೇಳ್ತೀರಿ? ನನ್ ಕೈ ನಂಗೊತ್ತಿಲ್ವಾ, ಏಳು ವರ್ಷದಿಂದ ನೋಡ್ಕೊಂಡು ಕೂತಿದೀನಿ."

ಕೈಪಿಡಿಯ ಪುಟ ತೆಗೆದು ತೋರಿಸಿದೆ. ಅವರಿಗೆ ಓದು ಬರದು. ಮಾತು ಕೇಳಿ ಹುಳದ ಮನೆಯಿಂದ ಹೊರಬಂದಿದ್ದ ಮುನಿರಾಜು ಪುಟವನ್ನು ಇಸಕೊಂಡು ಎರಡು ಸಲ ಓದಿದ. ನನ್ನ ಮುಖ ನೋಡಿದ. "ಅವತ್ತು ಬಾಗ್ಲಲ್ಲೇ ನಿಂತಿದ್ರಲ್ಲ ಮೇಷ್ಟ್ರೇ," ಎಂದ. ಹೌದು ಎಂದೆ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಒಳಗೆ ಹೋಗಿ ಹೆಚ್ಚಿದ ಸೊಪ್ಪಿನ ಮಂಕರಿ ತಂದು ತಾಯಿಯ ಮುಂದೆ ಹಿಡಿದ. "ಅಮ್ಮ, ಮೇಷ್ಟ್ರು ಹೇಳಿದ್ದು ನಿಜ ಕಣಮ್ಮ. ಏಳು, ಇವತ್ತು ನೀನೇ ಹಾಕು."

ಅಕ್ಕಯಮ್ಮ ಮಂಕರಿಯನ್ನು ನೋಡಿದರು. ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.

"ಬೇಡ ಕಣಪ್ಪ. ಒಂದ್ ಬೆಳೆ ಹೋಗಿದ್ದು ಸಾಲ್ದಾ?"

"ಅಮ್ಮ, ಕೊಂದಿದ್ದು ನಾನು," ಎಂದೆ ಇನ್ನೊಮ್ಮೆ.

"ಆಯ್ತು, ನೀವೇ ಕೊಂದಿದ್ದು. ಸರಿನಾ? ಅಳಬೇಡಿ, ಕೂತ್ಕೊಳ್ಳಿ," ಎಂದು, ಹಟ ಹಿಡಿದ ಮಗುವಿಗೆ ಹೇಳುವಂತೆ ಹೇಳಿ, ಸೊಸೆಯನ್ನು ಕೂಗಿ ನನಗೆ ಕಾಫಿ ತರಲು ಹೇಳಿದರು.

ಹುಳಕ್ಕೆ ಸೊಪ್ಪಿನ ಹೊತ್ತು ಮೀರುತ್ತಿತ್ತು. ಮುನಿರಾಜು ಇನ್ನೂ ಸ್ವಲ್ಪ ಹೊತ್ತು ಮಂಕರಿ ಹಿಡಿದುಕೊಂಡು ನಿಂತಿದ್ದು, ಆಮೇಲೆ ತಾನೇ ಒಳಗೆ ಹೋಗಿ ಹಾಕಿದ.